ತಗಡಿನ ಗುಡುಗು, ಸಾಸಿವೆಯ ಮಳೆ

ಜನವರಿ 9

ಸಭಿಕರೇ! ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಮಹನೀಯರೇ, ನಡುವಿನ ಸಾಲಿನ ತಾಯಂದಿರೇ, ಹಿಂದಿನ ಬೆಂಚಿನಲ್ಲಿ ಸಿಳ್ಳೆ ಹೊಡೆಯಲು ಬೆರಳು ಬಾಯಿಗಿಟ್ಟು ಕಾದಿರುವ ಮಹಾಜನಗಳೇ! ನಿಶ್ಶಬ್ದ! ನಿಶ್ಶಬ್ದ!

ಅಂದರೆ, ಮಗಳೇ, ಅಳಿಯಂದಿರೇ, ಮೊಮ್ಮಗಳು ಪುಟ್ಟಿಯೇ, ಊಟದ ಮೇಜಿನ ಕೆಳಗೆ ಮಲಗಿರುವ ಬೆಕ್ಕೇ! ಈ ಕಾಗದವನ್ನು ಯಾರೂ ಮನಸ್ಸಿನಲ್ಲೇ ಓದಿಕೊಳ್ಳಬಾರದು. ಒಬ್ಬರು ಎದ್ದು ನಿಂತು, ಎದೆ ಉಬ್ಬಿಸಿ, ಪಕ್ಕದ ಮನೆಯವರಿಗೂ ಕೇಳುವಂತೆ ಓದಬೇಕು. ಏಕೆಂದರೆ ಬರೆದವನಿಗೆ ಇನ್ನು ಕೆಲವು ತಿಂಗಳು ಬಾಯಿಲ್ಲ.

ಆದದ್ದು ಇಷ್ಟು. ಮೊನ್ನೆಯ ಸಂಜೆ ಆಟದಲ್ಲಿ ಎಂದಿನಂತೆ ನಾನು ರಾಜ. ತಲೆಯ ಮೇಲೆ ಕಿರೀಟ, ಸೊಂಟದಲ್ಲಿ ಖಡ್ಗ. ಕೈ ಮೇಲೆತ್ತಿ “ಯಾರಲ್ಲಿ!” ಎಂದು ಗರ್ಜಿಸಿದೆ. ಹೊರಗೆ ಬಂದದ್ದು ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟುವಿಕೆ. ಇನ್ನೊಮ್ಮೆ ಗರ್ಜಿಸಿದೆ. ಈ ಸಲ ಅದೂ ಇಲ್ಲ. ಒಳಗೆ ಕಾಯುತ್ತಿದ್ದ ಭಟ ಬರಲೇ ಇಲ್ಲ. ಪಾಪ, ಅವನಿಗೆ ಕೇಳಿಸಿದ್ದರಲ್ಲವೇ! ಕೊನೆಗೆ ರಾಜನೇ ನಡೆದು ಹೋಗಿ ಭಟನ ತೋಳು ಹಿಡಿದು ಎಳೆದು ತರಬೇಕಾಯಿತು. ಜನ ನಕ್ಕರು. ಮಗಳೇ, ದುರಂತ ನಾಟಕದಲ್ಲಿ ಜನ ನಕ್ಕರು.

ಗಂಟಲಿನ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ತೂರಿಸಿ ನೋಡಿ, “ಒಳಗೆ ಗಂಟು ಬಿದ್ದಿದೆ. ಒಂದು ಮಾತೂ ಆಡಬೇಡಿ. ಪಿಸುಗುಡೋದೂ ಬೇಡ,” ಅಂದರು. ಎಷ್ಟು ದಿನ ಎಂದು ಕೇಳಲು ಬಾಯಿ ತೆರೆದೆ. “ನೋಡಿ, ಆಗಲೇ ಶುರು ಮಾಡಿದ್ರಿ,” ಅಂದರು.

ನಿನ್ನ ಅಮ್ಮನ ಸಂಭ್ರಮ ಹೇಳತೀರದು. “ಮದುವೆಯಾದ ಮೇಲೆ ಮೊದಲನೇ ಸಲ ಈ ಮನೆ ಗಡಿಯಾರ ಸದ್ದು ಮಾಡತ್ತೆ ಅಂತ ಗೊತ್ತಾಯ್ತು ನೋಡಿ!” ಅನ್ನುತ್ತಾಳೆ. ನಾನು ಸ್ಲೇಟಿನ ಮೇಲೆ ತಕ್ಕ ಉತ್ತರ ಬರೆಯುವಷ್ಟರಲ್ಲಿ ಕೋಣೆಯಿಂದ ಹೊರಟೇ ಹೋಗಿರುತ್ತಾಳೆ.

ನನ್ನ ಪಾತ್ರವನ್ನು ಸದ್ಯಕ್ಕೆ ತುತ್ತೂರಿಗೆ ಕೊಟ್ಟಿದ್ದಾರೆ. ನಿನಗೆ ನೆನಪಿರಬೇಕು, ಸೇನಾಪತಿಯ ಪಾತ್ರದ ಹುಡುಗ, ಮೂಗಿನಿಂದಲೇ ಮಾತು ಊದುವವನು. ಸಿಂಹಾಸನ ಅವನಿಗೆ ಬಾಡಿಗೆಗೆ ಮಾತ್ರ. ಬೇಸಿಗೆ ಮುಗಿಯುವುದರೊಳಗೆ ಮರಳಿ ಏರುತ್ತೇನೆ. ಇದು ರಾಜಾಜ್ಞೆ!

ಇತಿ,
ಬಾಯಿಗೆ ಬೀಗ ಬಿದ್ದ ನಿನ್ನ ಅಪ್ಪ

ಜನವರಿ 21

ಅಪ್ಪನಿಗೆ,

ಕಾಗದ ಬಂತು. ಮನಸ್ಸಿನಲ್ಲೇ ಓದಿಕೊಂಡೆ. ಎಲ್ಲರೂ ಮಲಗಿದ್ದರು.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಬಿಸಿನೀರು ಕುಡಿಯಿರಿ. ನಮ್ಮ ಕಾರ್ಖಾನೆಯಲ್ಲಿ ಈಗ ಕೆಲಸ ಜಾಸ್ತಿ. ಲಾರಿ ಹೊದಿಕೆ, ಡೇರೆ, ಅಂಗಡಿ ಮುಂದಿನ ನೆರಳುಬಟ್ಟೆ, ಎಲ್ಲದಕ್ಕೂ ಒಟ್ಟಿಗೆ ಬೇಡಿಕೆ. ಕ್ಯಾನ್ವಾಸ್ ಹೊಲಿದು ಹೊಲಿದು ಬೆರಳು ಮರದ ತುಂಡಾಗಿದೆ.

ಒಂದು ಮಾತು. ನಮ್ಮ ಮೇಲಿನ ಕೋಣೆ ಖಾಲಿಯಿದೆ. ನೀವು, ಅಮ್ಮ ಇಬ್ಬರೂ ಬಂದುಬಿಡಿ. ನೀವು ಆಡಬೇಕಾದದ್ದನ್ನೆಲ್ಲ ಆಡಿಯಾಗಿದೆ. ಇಷ್ಟಕ್ಕೇ ಸಾಕು ಅನ್ನಿಸುವುದಿಲ್ಲವೇ?

ನಿಮ್ಮ ಮಗಳು

ಫೆಬ್ರವರಿ 6

ಮಗಳೇ,

ಸಾಕು ಅಂತೀಯಾ? ಮೀನಿಗೆ ನೀರು ಸಾಕು ಅಂದ ಹಾಗಾಯಿತು. ಉಳಿದ ಮಾತು ಮುಖತಃ ಆಡೋಣ. ಮುಖ ಇದೆ, ಮಾತು ಬರಲಿ.

ಈಗ ನನಗಾದ ಅವಮಾನ ಕೇಳು. ಕಂಪನಿಯ ಮಾಲೀಕರು ಕರೆಸಿದರು. “ಯಜಮಾನ್ರೇ, ಬಾಯಿಗೆ ತಾನೇ ರಜೆ? ಕೈ ಖಾಲಿ ಇದೆಯಲ್ಲ. ಗುಡುಗಜ್ಜ ತೀರಿಕೊಂಡ ಮೇಲೆ ಆ ಮೂಲೆ ಹಾಗೇ ಬಿದ್ದಿದೆ. ಅಲ್ಲಿ ಕೂತ್ಕೊಳ್ಳಿ,” ಅಂದರು. ಗುಡುಗಜ್ಜ ನಿನಗೂ ಗೊತ್ತು, ಪರದೆಯ ಪಕ್ಕದ ಕತ್ತಲ ಮೂಲೆಯಲ್ಲಿ ಕೂತು ಮಳೆ, ಗಾಳಿ, ಗುಡುಗಿನ ಸದ್ದು ಮಾಡುತ್ತಿದ್ದ ಮುದುಕ. ಅವನಿದ್ದಷ್ಟು ಕಾಲ ಅವನ ಕಡೆ ನಾನು ತಿರುಗಿ ನೋಡಿದ ನೆನಪಿಲ್ಲ. ರಾಜನಾದವನು ಮೋಡದ ಕಡೆ ನೋಡುತ್ತಾನೆಯೇ?

ಅಲ್ಲಿರುವುದಾದರೂ ಏನು? ಹಗ್ಗಕ್ಕೆ ತೂಗುಹಾಕಿದ ಒಂದು ದೊಡ್ಡ ತಗಡು, ಅಲುಗಿಸಿದರೆ ಗುಡುಗು. ಹಿಡಿ ತಿರುಗಿಸಿದರೆ ಬಟ್ಟೆಗೆ ಉಜ್ಜಿಕೊಂಡು ತಿರುಗುವ ಮರದ ಚಕ್ರ, ಅದು ಗಾಳಿ. ಉದ್ದನೆಯ ಮರದ ಡಬ್ಬಿಯೊಳಗೆ ಒಣ ಬಟಾಣಿ, ವಾಲಿಸಿದರೆ ಮಳೆ. ಮಕ್ಕಳಾಟ!

ಮಕ್ಕಳಾಟವೇ ಸರಿ, ಆದರೆ ಆ ಮಳೆ ಸರಿಯಿಲ್ಲ. ಯಾರೋ ಮೆಟ್ಟಿಲ ಮೇಲೆ ಮೂಟೆ ಬಿಚ್ಚಿದ ಹಾಗೆ ಕೇಳಿಸುತ್ತದೆ. ಮೆಲ್ಲಗೆ ವಾಲಿಸಿದರೆ ನಡುವೆ ನಿಂತೇ ಹೋಗುತ್ತದೆ. ಜೋರಾಗಿ ವಾಲಿಸಿದರೆ ಒಂದೇ ಏಟಿಗೆ ಸುರಿದು ಮುಗಿಯುತ್ತದೆ. ಡಬ್ಬಿಯನ್ನು ಮನೆಗೆ ತಂದೆ. ಬಟಾಣಿ ಕಮ್ಮಿ ಮಾಡಿ ನೋಡಿದೆ, ಒಡೆದು ನೋಡಿದೆ, ಡಬ್ಬಿಗೆ ಕಂಬಳಿ ಸುತ್ತಿ ನೋಡಿದೆ. ಅಡುಗೆಮನೆಯಲ್ಲಿ ಬಟಾಣಿಯ ಮಧ್ಯೆ ಮಂಡಿಯೂರಿ ಕೂತಿದ್ದಾಗ ನಿನ್ನ ಅಮ್ಮ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳಂತೆ. ನನಗೆ ಗೊತ್ತಾಗಲಿಲ್ಲ. ಆಮೇಲೆ, “ಊಟ ಆರಿ ತಣ್ಣಗಾಗಿದೆ. ಮಳೆ ನಿಂತ ಮೇಲೆ ಬನ್ನಿ,” ಅಂದು ಹೋದಳು.

ನಾನು ಆ ಮೂಲೆಯಲ್ಲಿ ಕೂತಿರುವ ಸುದ್ದಿ ಹೊರಗೆ ಯಾರಿಗೂ ಹೇಳಬೇಡ.

ಇತಿ,
ಪದಚ್ಯುತ ರಾಜ, ನಿನ್ನ ಅಪ್ಪ

ಫೆಬ್ರವರಿ 15

ಅಪ್ಪಾ,

ಬಟಾಣಿ ಮಳೆಯಲ್ಲ, ಆಲಿಕಲ್ಲು. ಅದನ್ನು ತೆಗೆದುಬಿಡಿ. ಸಾಸಿವೆ ಹಾಕಿ, ಜೊತೆಗೆ ಒಂದು ಹಿಡಿ ಅಕ್ಕಿ. ಡಬ್ಬಿಯೊಳಗೆ ಅಡ್ಡಡ್ಡ ಸಣ್ಣ ಮೊಳೆಗಳಿರಬೇಕು, ನೋಡಿ, ಅರ್ಧ ಉದುರಿಹೋಗಿರುತ್ತವೆ. ಮೊಳೆ ಒತ್ತೊತ್ತಾಗಿದ್ದರೆ ಜಿಟಿಜಿಟಿ, ದೂರ ದೂರವಿದ್ದರೆ ಬಿರುಸು. ವಾಲಿಸಬಾರದು. ಮಲಗಿರುವ ಮಗುವಿನ ಮಗ್ಗುಲು ಬದಲಿಸುತ್ತೇವಲ್ಲ, ಹಾಗೆ ತಿರುಗಿಸಬೇಕು.

ನನಗೆ ಹೇಗೆ ಗೊತ್ತು ಅನ್ನುತ್ತೀರಿ. ಸಣ್ಣವಳಿದ್ದಾಗ ಪ್ರತಿ ಆಟದಲ್ಲೂ ನಾನೆಲ್ಲಿರುತ್ತಿದ್ದೆ ಅಂತ ತಿಳಿದಿದ್ದಿರಿ? ಮುಂದೆ ಕೂತು ನಿಮ್ಮನ್ನು ನೋಡುತ್ತಿದ್ದೆ ಅಂತಲೇ? ಗುಡುಗಜ್ಜನ ಮಂಡಿಗೆ ಒರಗಿ ಕೂತಿರುತ್ತಿದ್ದೆ. ನೀವು ಸಾಯುವ ದೃಶ್ಯವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಕೇಳಿದ್ದೇನೆ ಅಷ್ಟೆ. ನೀವು ಸತ್ತ ಮೇಲೆ ಬರುವ ಸಣ್ಣ ಮಳೆ ನನ್ನದು. ಅದನ್ನು ಮಾತ್ರ ಅಜ್ಜ ನನ್ನ ಕೈಗೆ ಬಿಡುತ್ತಿದ್ದ.

ಆಮೇಲೆ ನೀವು ನನ್ನನ್ನು ಆ ಮೂಲೆಯಿಂದ ಎಬ್ಬಿಸಿ ರಾಜಕುಮಾರಿ ಮಾಡಿದಿರಿ. ದೀಪದ ಮುಂದೆ ನಿಂತು ನಾನು ಬಾಯಿ ತೆರೆಯಲಿಲ್ಲ. ಆಮೇಲೆ ನಾನು ರಂಗಕ್ಕೂ ಬರಲಿಲ್ಲ, ಆ ಮೂಲೆಗೂ ಮರಳಲಿಲ್ಲ.

ನಿಮ್ಮ ಕೆಲಸಕ್ಕೆ ಆಗಲಿ ಅಂತ ಬರೆದೆ, ಅಷ್ಟೆ. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದೇವೆ.

ನಿಮ್ಮ ಮಗಳು

ಮಾರ್ಚ್ 2

ಮಗಳೇ! ಅಳಿಯಂದಿರೇ! ಪುಟ್ಟಿಯೇ! ಎಲ್ಲರನ್ನೂ ಎಬ್ಬಿಸಿ ಕೂರಿಸಿ!

ಸಾಸಿವೆ! ಆಹಾ, ಸಾಸಿವೆ! ಮೊದಲ ಸಲ ಡಬ್ಬಿ ತಿರುಗಿಸಿದಾಗ ನಿನ್ನ ಅಮ್ಮ ಹಿತ್ತಲಲ್ಲಿದ್ದಳು. ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಓಡಿ ಬಂದಳು! ಆಕಾಶ ನೋಡಿದಳು, ನನ್ನನ್ನು ನೋಡಿದಳು, ಬಟ್ಟೆಯನ್ನೆಲ್ಲ ನನ್ನ ತಲೆಯ ಮೇಲೆ ಎಸೆದಳು. ಇಷ್ಟು ವರ್ಷ ಎಷ್ಟೋ ಚಪ್ಪಾಳೆ ಕೇಳಿದ್ದೇನೆ. ತಲೆಯ ಮೇಲೆ ಒದ್ದೆ ಬಟ್ಟೆ ಬಿದ್ದದ್ದು ಇದೇ ಮೊದಲು. ಅದರ ಸುಖವೇ ಬೇರೆ.

ಆದರೆ ಇನ್ನು ಮುಂದಿನದ್ದು ಕೇಳು, ಅನರ್ಥ. ಶನಿವಾರ ಹಾಲ್ ಭರ್ತಿ. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ರಾಜ, ಅಂದರೆ ತುತ್ತೂರಿ, ಒಬ್ಬನೇ ನಿಂತು ಗೋಳಾಡುವ ದೃಶ್ಯ. ಹಿನ್ನೆಲೆಯಲ್ಲಿ ಬಿರುಗಾಳಿ. ನನಗೆ ಒಳಗಿನಿಂದ ಏನೋ ಉಕ್ಕಿತು. ಎಡಗೈಯಲ್ಲಿ ಮಳೆ, ಬಲಗೈಯಲ್ಲಿ ಗುಡುಗು, ಪಾದದಲ್ಲಿ ಹಲಗೆಯ ದಡದಡ. ತುತ್ತೂರಿ ಬಾಯಿ ಅಲ್ಲಾಡಿಸುತ್ತಿದ್ದಾನೆ, ಮಾತು ಯಾರಿಗೂ ಕೇಳುತ್ತಿಲ್ಲ. ಹಿಂದಿನ ಸಾಲಿನಿಂದ ಒಬ್ಬಾಕೆ, “ಅಯ್ಯೋ, ಮಹಡಿ ಮೇಲೆ ಹಾಸಿಗೆ ಒಣಹಾಕಿದ್ದೀನ್ರೀ!” ಎಂದು ಎದ್ದಳು. ಅವಳ ಹಿಂದೆ ಇನ್ನೊಬ್ಬರು. ಸೈಕಲ್ ಒಳಗಿಡಲು ಓಡಿದವರೆಷ್ಟು, ಮಕ್ಕಳನ್ನು ಎತ್ತಿಕೊಂಡು ಓಡಿದವರೆಷ್ಟು! ಮಗಳೇ, ಅರ್ಧ ಹಾಲ್ ಖಾಲಿ! ಹೊರಗೆ ಹೋದವರು ಒಣ ರಸ್ತೆಯಲ್ಲಿ ಕೊಡೆ ಬಿಚ್ಚಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ.

ತುತ್ತೂರಿ ಕಿರೀಟ ಕಿತ್ತು ನನ್ನ ಮುಂದೆ ನಿಂತ. “ಅಣ್ಣಾ, ಪಾತ್ರ ಕಿತ್ಕೊಂಡೆ ಅಂತ ಹೊಟ್ಟೆಕಿಚ್ಚಿದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಮಳೆ ಸುರಿಸಿ ಸಾಯಿಸಬೇಡಿ!” ಬಾಯಿಬಿಟ್ಟು ಹೇಳುವುದಂತೆ! ನಾನು ಸ್ಲೇಟು ಹುಡುಕಿದೆ. ಹೊಟ್ಟೆಕಿಚ್ಚು ನಿಜವೇ, ಆದರೆ ಅದು ಜನವರಿಯದು. ಆ ಶನಿವಾರ ತುತ್ತೂರಿ ಅಲ್ಲಿದ್ದಾನೆ ಅನ್ನುವುದೇ ನನಗೆ ಮರೆತುಹೋಗಿತ್ತು. ನನ್ನನ್ನು ಯಾರೂ ನೋಡುತ್ತಿಲ್ಲ ಅನ್ನುವುದೂ.

ಗಾಳಿಯ ಚಕ್ರ ಮಾತ್ರ ಹಟಮಾರಿ. ಬೀಸುವುದಿಲ್ಲ, ಸುಮ್ಮನೆ ನಿಟ್ಟುಸಿರು ಬಿಡುತ್ತದೆ. ಏನು ಮಾಡಲಿ?

ಇತಿ,
ಮೇಘರಾಜನಾದ ನಿನ್ನ ಅಪ್ಪ

ಮಾರ್ಚ್ 11

ಅಪ್ಪಾ,

ಈ ಸಲ ನಿಮ್ಮ ಅಳಿಯ ಎದ್ದು ನಿಂತು ಓದಿದರು. ಕೊಡೆಯ ಮಾತು ಬಂದಾಗ ನಕ್ಕು ನಕ್ಕು ಪುಟ್ಟಿಗೆ ಬಿಕ್ಕಳಿಕೆ ಬಂತು. ನಾನೂ ನಕ್ಕೆ.

ಜೊತೆಯಲ್ಲಿ ಕ್ಯಾನ್ವಾಸಿನ ತುಂಡು ಕಳಿಸಿದ್ದೇನೆ. ನಿಮ್ಮ ಚಕ್ರದ ಮೇಲಿರುವುದು ತೆಳು ಬಟ್ಟೆ, ಅದರಿಂದ ನಿಟ್ಟುಸಿರೇ ಬರುವುದು. ಇದನ್ನು ಒಂದು ತುದಿ ಬಿಗಿದು, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಎಳೆದರೆ ಊಳಿಡುತ್ತದೆ, ಸಡಿಲ ಬಿಟ್ಟರೆ ಕಿಟಕಿ ಸಂದಿಯ ಗಾಳಿ. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಬೇರೆ ಬೇರೆ ದಪ್ಪದ್ದನ್ನು ಮರದ ತುಂಡಿಗೆ ಉಜ್ಜಿ ಉಜ್ಜಿ ಆರಿಸಿದೆ. ಮೇಸ್ತ್ರಿ, “ಏನಮ್ಮಾ, ಬಟ್ಟೆಗೆ ಕಿವಿ ಕೊಟ್ಟು ಕೂತಿದ್ದೀಯ? ಏನಂತೆ ಅದಕ್ಕೆ?” ಅಂದರು.

ಆದರೆ ತುತ್ತೂರಿಯ ಸಿಟ್ಟು ನ್ಯಾಯವೇ. ಅಜ್ಜ ಎಂದೂ ಮಾತಿನ ಮೇಲೆ ಗುಡುಗು ಹಾಕುತ್ತಿರಲಿಲ್ಲ. ಮಾತು ಮುಗಿದು ಆಡುವವನು ಉಸಿರೆಳೆದುಕೊಳ್ಳುತ್ತಾನಲ್ಲ, ಆ ಸಂದಿಯಲ್ಲಿ ಹಾಕುತ್ತಿದ್ದ. ನಿಮ್ಮ ಉಸಿರು ಅವನಿಗೆ ಬಾಯಿಪಾಠವಾಗಿತ್ತು.

ಇನ್ನೊಂದು ಹೇಳಲೇ? ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ನಿಮ್ಮ ಮನೆಯಲ್ಲಿ ಇರುವುದು ಒಂದೇ ಕಪಾಟು. ಅದರ ತುಂಬ ನಿಮ್ಮ ಕಿರೀಟ, ಕವಚ, ಗಡ್ಡ, ಮೀಸೆ. ಅಮ್ಮನ ಬಟ್ಟೆ ಇವತ್ತಿಗೂ ಮಂಚದ ಕೆಳಗಿನ ಟ್ರಂಕಿನಲ್ಲಿ. ಪ್ರತಿ ದಿನ ಬಗ್ಗಿ ಎಳೆಯುತ್ತಾಳೆ, ಬಗ್ಗಿ ತಳ್ಳುತ್ತಾಳೆ. ನಿಮ್ಮ ಆಸೆ ದೊಡ್ಡದು ಅನ್ನುವುದು ನನಗೆ ಎಂದೂ ಬೇಸರವಲ್ಲ. ಅದು ಉಳಿದವರ ಉಸಿರಿಗೆ ಸಂದಿ ಬಿಡಲಿಲ್ಲ, ಅಷ್ಟೆ.

ನಿಮ್ಮ ಮಗಳು

ಏಪ್ರಿಲ್ 28

ಮಗಳೇ,

ಬಹಳ ದಿನ ಬರೆಯಲಿಲ್ಲ. ಕ್ಯಾನ್ವಾಸ್ ಬಂತು. ಊಳಿಡುತ್ತದೆ, ಥೇಟ್ ನೀನು ಹೇಳಿದ ಹಾಗೆ.

ಈಗೀಗ ತುತ್ತೂರಿಯ ಉಸಿರು ಕೇಳುತ್ತಿದ್ದೇನೆ. ಆ ಹುಡುಗ ದುಃಖದ ಮಾತಿನ ನಂತರ ಎರಡು ತುಂಡು ಮಾಡಿ ಉಸಿರೆಳೆದುಕೊಳ್ಳುತ್ತಾನೆ. ಮೊದಲನೆಯದಕ್ಕೆ ಬಿಟ್ಟು ಎರಡನೆಯದಕ್ಕೆ ದೂರದ ಒಂದು ಗುಡುಗು ಇಟ್ಟರೆ, ಅವನ ಮೂಗಿನ ಮಾತೂ ಎದೆಯಿಂದ ಬಂದ ಹಾಗೆ ಕೇಳಿಸುತ್ತದೆ. ಹೋದ ವಾರ ಆ ದೃಶ್ಯದಲ್ಲಿ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅವನು ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತ. ನನ್ನ ನೀರಿನ ಲೋಟ ಎತ್ತಿ ಕುಡಿದು ಹೋದ.

ಅದಿರಲಿ. ಶುಭಸಮಾಚಾರ! ಡಾಕ್ಟರು ಬೀಗ ತೆಗೆದರು. “ಮಾತಾಡಿ, ಮೆಲ್ಲಗೆ ಮಾತಾಡಿ,” ಅಂದರು. ಗರ್ಜಿಸಬಹುದೇ ಎಂದೆ. “ಗರ್ಜಿಸಿದರೆ ಆ ಗಂಟು ಮತ್ತೆ ಬರಬಹುದು. ಆಗ ಮೆಲ್ಲಗಿನ ಮಾತೂ ಉಳಿಯತ್ತೆ ಅಂತ ಹೇಳೋಕಾಗಲ್ಲ,” ಅಂದರು. ಡಾಕ್ಟರುಗಳು ಹೆದರಿಸುವುದು ಇದ್ದದ್ದೇ. ಮಾಲೀಕರು ಹೊಸ ನಾಟಕಕ್ಕೆ ಪೋಸ್ಟರ್ ಅಚ್ಚು ಹಾಕಿಸಿಯೇ ಬಿಟ್ಟಿದ್ದಾರೆ. ಮಾರುಕಟ್ಟೆಯ ಗೋಡೆಯಲ್ಲಿ ನನ್ನ ಮುಖ ಬಾಗಿಲಿನಷ್ಟು ದೊಡ್ಡದಿದೆ. ಕೆಳಗೆ “ಸಿಂಹ ಮರಳಿದೆ” ಅಂತ. ಒಪ್ಪಿಕೊಂಡೆ.

ನಿನ್ನ ಅಮ್ಮ ಸುದ್ದಿ ಕೇಳಿ ಎದ್ದು ಹೋಗಿ ಗಡಿಯಾರಕ್ಕೆ ಕೀ ಕೊಟ್ಟಳು.

ಕಪಾಟಿನ ವಿಷಯ ಓದಿದೆ.

ಇತಿ,
ಅಪ್ಪ

ಮೇ 5

ಅಪ್ಪಾ,

ಒಪ್ಪಿಕೊಂಡಿರಾ!

ಪುಟ್ಟಿ ದಿನಾ ಕೇಳುತ್ತಾಳೆ, “ಅಜ್ಜನ ದನಿ ಹೇಗಿರತ್ತಮ್ಮಾ?” ಅಂತ. ಅವಳಿಗೆ ಬುದ್ಧಿ ಬಂದ ಮೇಲೆ ನೀವು ಈ ಕಡೆ ಬಂದೇ ಇಲ್ಲ. ತುಂಬಾ ದೊಡ್ಡ ದನಿ ಅಂದೆ. “ಸಣ್ಣದಾಗಿ ಮಾತಾಡಿದ್ರೆ ಹೇಗಿರತ್ತೆ?” ಅಂದಳು. ನನಗೂ ಗೊತ್ತಿಲ್ಲ ಅಪ್ಪಾ. ನಿಮ್ಮ ಸಣ್ಣ ದನಿ ನಾನೂ ಕೇಳಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಸಿಂಹಾಸನ, ಸಿಂಹ ಅಂತ ದೊಡ್ಡ ಅಕ್ಷರದಲ್ಲಿ ಇದ್ದೇ ಇದೆ. ಆದರೆ ಸಾಸಿವೆಯ ಮಾತು ಬಂದ ಕಡೆಯಲ್ಲೆಲ್ಲ ನಿಮ್ಮ ಅಕ್ಷರ ಓಡುತ್ತದೆ, ಶಾಯಿ ಚೆಲ್ಲಿದೆ, ಅಂಚಿನಲ್ಲಿ ಚಿತ್ರ ಬರೆದಿದ್ದೀರಿ. ಬೇರೆಯವರ ಕಾಗದವೆಂದು ಓದಿ ನೋಡಿದರೆ ಇವನಿಗೆ ಪ್ರಾಣ ಯಾವುದು ಅಂತ ನೀವೇ ಹೇಳುತ್ತೀರಿ.

ನನ್ನ ಸುದ್ದಿಯೂ ಒಂದಿದೆ. ಉಳಿದ ತುಂಡು ಬಟ್ಟೆಯಲ್ಲಿ ನಾನೂ ಒಂದು ಗಾಳಿ ಚಕ್ರ ಮಾಡಿದೆ. ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಕೂತು ನಾನೂ ಪುಟ್ಟಿಯೂ ತಿರುಗಿಸುತ್ತೇವೆ. ಅಷ್ಟೇ. ಸೋಮವಾರ ಮತ್ತೆ ಲಾರಿ ಹೊದಿಕೆ. ಅದಕ್ಕಿಂತ ಹೆಚ್ಚು ನನಗೆ ಬೇಡ, ಕಮ್ಮಿಯಾದರೆ ಆಗುವುದಿಲ್ಲ.

ನೀವು ಇಲ್ಲಿಗೆ ಬರಬೇಕೆಂದು ಇನ್ನು ಒತ್ತಾಯ ಮಾಡುವುದಿಲ್ಲ. ದನಿ ಮಾತ್ರ ಉಳಿಸಿಕೊಳ್ಳಿ.

ನಿಮ್ಮ ಮಗಳು

ಮೇ 17

ಮಗಳೇ,

ಇವತ್ತಿನ ಆಟ ಹೇಳುತ್ತೇನೆ, ಸಾವಕಾಶ ಕೇಳು.

ಮೊದಲ ತಾಲೀಮು. ಕಿರೀಟ ಇಟ್ಟೆ. ಮಾಲೀಕರು ಮುಂದಿನ ಸಾಲಿನಲ್ಲಿ. ತುತ್ತೂರಿ ಮತ್ತೆ ಸೇನಾಪತಿ. ಮುಖ ಚಿಕ್ಕದು ಮಾಡಿಕೊಂಡು ನಿಂತಿದ್ದ. ಗುಡುಗಿನ ಮೂಲೆಗೆ ಟಿಕೆಟ್ ಹರಿಯುವ ನಮ್ಮ ಡೊಳ್ಳುಹೊಟ್ಟೆಯವನನ್ನು ಕೂರಿಸಿದ್ದರು. ರಾಜ ಸಾಯುವ ದೃಶ್ಯ. ನಾನು ಬಿದ್ದೆ. ಕೊನೆಯ ಮಾತು ಶುರು ಮಾಡಿದೆ. “ಎಲೈ ಭೂಮಿಯೇ, ನಿನ್ನ ಮೇಲೆ ನಡೆದ ಈ ಪಾದಗಳು...” ದನಿ ಏರಿತು, ಮಗಳೇ! ಗಂಟಲಲ್ಲಿ ಮುಳ್ಳು ಚುಚ್ಚಿದರೂ ಏರಿತು. ಮಾಲೀಕರು ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆದರು.

ಅಷ್ಟರಲ್ಲಿ ಮೂಲೆಯಿಂದ ಡಬಡಬ! ಡಬಡಬ! ಆ ಪುಣ್ಯಾತ್ಮ ತಗಡನ್ನು ನಡುವೆ ಹಿಡಿದು ಕೋಳಿ ರೆಕ್ಕೆ ಬಡಿದ ಹಾಗೆ ಬಡಿಯುತ್ತಿದ್ದಾನೆ. ಸಾಯುತ್ತಿದ್ದ ರಾಜ ಎದ್ದು ಕೂತ. “ಅಯ್ಯೋ ಮಾರಾಯಾ, ಕೆಳಗಿನ ತುದಿ ಹಿಡಿಯೋ! ಅಲುಗಿಸಿ ಬಿಟ್ಬಿಡು, ಅದೇ ಮಾತಾಡ್ಲಿ!” ಎಲ್ಲರೂ ಗೊಳ್ಳೆಂದು ನಕ್ಕರು. ಮತ್ತೆ ಮಲಗಿದೆ. ಮತ್ತೆ ಭೂಮಿ, ಮತ್ತೆ ಪಾದಗಳು. ಈ ಸಲ ಸಾಸಿವೆ ಒಂದೇ ಏಟಿಗೆ ಸುರಿಯಿತು. ನನ್ನ ಬಾಯಿ ಮಾತು ಹೇಳುತ್ತಲೇ ಇತ್ತು. ಕೈ ಮಾತ್ರ ನೆಲದ ಮೇಲೆ ಮೆಲ್ಲಗೆ ಮಗ್ಗುಲು ತಿರುಗುತ್ತಿತ್ತು, ಮಗುವನ್ನು ತಿರುಗಿಸಿದ ಹಾಗೆ. ತುತ್ತೂರಿ ಬಗ್ಗಿ ನನ್ನ ಕಿವಿಯಲ್ಲಿ, “ಅಣ್ಣಾ, ನೀವು ಇಲ್ಲಿ ಸಾಯ್ತಿಲ್ಲ. ಅಲ್ಲಿದ್ದೀರಿ,” ಅಂದ.

ನಾಳೆಯೊಳಗೆ ತೀರ್ಮಾನ ಹೇಳಿ ಎಂದರು ಮಾಲೀಕರು. ಪೋಸ್ಟರಿನ ಮುಂದೆಯೇ ಹಾದು ಮನೆಗೆ ನಡೆದು ಬಂದೆ. ಸುಳ್ಳು ಹೇಳಲಾರೆ, ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ಇನ್ನು ಪರದೆ ಬಿದ್ದಾಗ ಜನ ನನ್ನನ್ನು ಹುಡುಕುವುದಿಲ್ಲ. ಆ ಮುಖದ ಮೇಲೆ ಯಾರೋ ಸೋಪಿನ ಜಾಹೀರಾತು ಅಂಟಿಸುತ್ತಾರೆ. ನಿಂತು ನೋಡಿದೆ, ಮೂಗು ಚೆನ್ನಾಗಿ ಬಂದಿತ್ತು.

ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ, ಮೆಲ್ಲಗೆ. ಅವಳು ಕೆಲಸ ಬಿಟ್ಟು ಹತ್ತಿರ ಬಂದು ಕೂತಳು. ದೂರ ಕೂತರೆ ಕೇಳಿಸುವುದಿಲ್ಲವಲ್ಲ. “ಅವತ್ತು ಅಡುಗೆಮನೆಯಲ್ಲಿ ಬಟಾಣಿ ಹರಡ್ಕೊಂಡು ಕೂತಿದ್ರಲ್ಲ, ಅವತ್ತೇ ನನಗೆ ಗೊತ್ತಾಯ್ತು,” ಅಂದಳು. ಏನು ಗೊತ್ತಾಯಿತು ಎಂದೆ. “ಯಾರಾದ್ರೂ ನೋಡ್ತಿದ್ದಾರಾ ಅಂತ ತಿರುಗಿ ನೋಡದೆ ನೀವು ಮಾಡಿದ ಮೊದಲನೇ ಕೆಲಸ ಅದು.” ಮತ್ತೆ ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ರೆ ಅದನ್ನೂ ಒಂದು ನಾಟಕ ಮಾಡ್ಬಿಡ್ತಿದ್ರಿ.”

ಸಂಜೆ ಕಪಾಟು ಖಾಲಿ ಮಾಡಿದೆ. ಟ್ರಂಕನ್ನು ಮಂಚದ ಕೆಳಗಿನಿಂದ ನಾನೇ ಎಳೆದೆ. ಎಷ್ಟು ಭಾರ ಅದು! ಅವಳು ಬಟ್ಟೆ ಎದೆಗವಚಿಕೊಂಡು, ಯಾವುದನ್ನು ಎಲ್ಲಿಡುವುದೆಂದು ತಿಳಿಯದೆ ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದಳು. ಆಮೇಲೆ ಒಂದೊಂದೇ ಜೋಡಿಸಿದಳು. ಕೆಳಗಿನ ಅರೆಯೊಂದನ್ನು ಖಾಲಿ ಬಿಟ್ಟು, “ಮಳೆ ಡಬ್ಬಿಗೆ ಇಷ್ಟು ಸಾಕಲ್ವಾ?” ಅಂದಳು. ತಾಲೀಮಿನಿಂದ ಬರುವಾಗ ಜೊತೆಗೆ ತಂದಿದ್ದ ಡಬ್ಬಿಯನ್ನು ಇಟ್ಟು ನೋಡಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಈ ಕಾಗದವನ್ನು ಯಾರೂ ಎದ್ದು ನಿಂತು ಓದಬೇಕಾಗಿಲ್ಲ. ಪುಟ್ಟಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಓದು. ಅಜ್ಜನ ದನಿ ಈಗ ಸುಮಾರು ಅಷ್ಟೇ ಇದೆ. ತಿಂಗಳ ಕೊನೆಗೆ ಬಂದು ತೋರಿಸುತ್ತೇನೆ. ಒಂದು ಭಾನುವಾರ ನಿನ್ನ ಗಾಳಿಗೆ ನನ್ನ ಮಳೆ ಸೇರಿಸೋಣ. ಸಣ್ಣ ಮಳೆ ಮಾತ್ರ ನಿನ್ನ ಕೈಯಲ್ಲೇ ಇರಲಿ; ಅದು ಮೊದಲಿಂದಲೂ ನಿನ್ನದು.

ನಾಳೆ ಬೆಳಿಗ್ಗೆ ಮಾಲೀಕರ ಹತ್ತಿರ ಹೋಗಿ, ಆ ಡೊಳ್ಳುಹೊಟ್ಟೆಯವನನ್ನು ನನ್ನ ಮೂಲೆಯಿಂದ ಎಬ್ಬಿಸಿ ಎಂದು ಹೇಳುತ್ತೇನೆ. ಅದಕ್ಕೂ ಮೊದಲು ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತುತ್ತೂರಿಯ ಮನೆಗೆ ಹೋಗುತ್ತೇನೆ. ಬೀದಿಯಿಂದಲೇ “ಯಾರಲ್ಲಿ!” ಎಂದು ಕೂಗುವುದಿಲ್ಲ. ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಅವನು ಬಂದು ತೆರೆಯುವವರೆಗೂ ಕಾಯುತ್ತೇನೆ.

ಇತಿ,
ನಿನ್ನ ಅಪ್ಪ